ಬೈಸಿಕಲ್ಲು ಕಲಿಸುವ ಲೆಕ್ಕ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಚೇಳೂರು ಒಂದು ಹೋಬಳಿ ಕೇಂದ್ರ. ಹಲಸಿನ ಹಣ್ಣಿಗೆ ಹೆಸರಾದ ಊರು. ಸುತ್ತಣ ಹಳ್ಳಿಗಳಿಂದ ಇಂಥ ಊರಿನ ಶಾಲೆಗೆ ಬರುವ ಮಕ್ಕಳಿಗೆ ದಾರಿಯೇ ದಿನದ ಮೊದಲನೆಯ ಲೆಕ್ಕ. ಹಳ್ಳಿಯು 5 ಕಿಲೋಮೀಟರು ದೂರದಲ್ಲಿದೆಯೆಂದು ಭಾವಿಸೋಣ. ಗಂಟೆಗೆ 4 ಕಿ.ಮೀ.ನಂತೆ ನಡೆಯುವ ಮಗುವಿಗೆ 75 ನಿಮಿಷ ಬೇಕು. ಗಂಟೆಗೆ 12 ಕಿ.ಮೀ.ನಂತೆ ಬೈಸಿಕಲ್ಲು ತುಳಿದರೆ 25 ನಿಮಿಷ ಸಾಕು. ಹೋಗಿಬರುವುದರಲ್ಲಿ ದಿನಕ್ಕೆ 100 ನಿಮಿಷ ಉಳಿಯಿತು. ಈ ಉಳಿತಾಯ ಅಲ್ಪವಾದುದಲ್ಲ. ಕರ್ನಾಟಕ ಸರ್ಕಾರವು 2006-07ರಲ್ಲಿ 8ನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿದುದು ಇದನ್ನು ಮನಗಂಡೇ. ಬಿಹಾರದಲ್ಲಿಯೂ 2006ರಲ್ಲಿ 9ನೆಯ ತರಗತಿಯ ಹುಡುಗಿಯರಿಗಾಗಿ ಇಂಥದೇ ಯೋಜನೆ ಮೊದಲಾಯಿತು. ಅದರ ಫಲವನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಅವರು, ಹೈಸ್ಕೂಲು ಸೇರುವ ಹುಡುಗಿಯರ ಪ್ರಮಾಣವು ಸುಮಾರು ಮೂರರಲ್ಲೊಂದು ಪಾಲು ಏರಿತೆಂದೂ, ಆ ಏರಿಕೆ ಮುಖ್ಯವಾಗಿ ಶಾಲೆಯು 3 ಕಿ.ಮೀ. ಅಥವಾ ಅದಕ್ಕಿಂತ ದೂರವಿದ್ದ ಹಳ್ಳಿಗಳಲ್ಲಿ ಕಂಡುಬಂದಿತೆಂದೂ ತೋರಿಸಿದ್ದಾರೆ.

ಆದರೆ ಮಗುವನ್ನು ಶಾಲೆಗೆ ಕರೆತಂದ ಬೈಸಿಕಲ್ಲು ಶಾಲೆಯ ಗೋಡೆಗೆ ಒರಗಿ ಹೊರಗೇ ನಿಲ್ಲುತ್ತದೆ. ಒಳಗೆ ಕರಿಹಲಗೆಯ ಮೇಲೆ ಭಿನ್ನರಾಶಿ, ದಶಮಾಂಶ, ವೃತ್ತದ ಪರಿಧಿ, ಸರಾಸರಿ ವೇಗ ಇವೆಲ್ಲ ನಡೆಯುತ್ತವೆ. ಇವೆಲ್ಲವೂ ಹೊರಗೆ ನಿಂತ ಆ ಯಂತ್ರದಲ್ಲಿಯೇ ಇವೆ ಎಂದು ಮಗುವಿಗೆ ಹೇಳುವವರು ವಿರಳ. ನಿಮ್ಮಲ್ಲಿ ಅನೇಕರಿಗೆ ಮನೆಯಲ್ಲಿ ತಮ್ಮಂದಿರೋ ತಂಗಿಯರೋ ಇದ್ದಾರೆ. ಅವರಿಗೆ ಲೆಕ್ಕ ಹೇಳಿಕೊಡುವ ಭಾರವೂ ನಿಮ್ಮ ಮೇಲೆಯೇ ಬೀಳುತ್ತದೆ. ಆ ಕೆಲಸಕ್ಕೆ ಬೈಸಿಕಲ್ಲನ್ನು ಹೇಗೆ ಬಳಸಿಕೊಳ್ಳಬಹುದೆಂಬುದನ್ನು ಇಲ್ಲಿ ನೋಡೋಣ.

ಬೀದಿಯ ಲೆಕ್ಕ, ಹಲಗೆಯ ಲೆಕ್ಕ

ಬೈಸಿಕಲ್ಲು ತುಳಿಯುವ ಮಗುವಿಗೆ ಲೆಕ್ಕ ತಾನಾಗಿಯೇ ಬಂದೀತೆಂದು ತಿಳಿಯುವುದು ಸರಿಯಲ್ಲ. 1985ರಲ್ಲಿ ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ತೆರೆಜಿನ್ಹಾ ಕರಾಹೆರ್, ಡೇವಿಡ್ ಕರಾಹೆರ್ ಮತ್ತು ಅನಾಲೂಸಿಯಾ ಶ್ಲೀಮನ್ ಎಂಬ ಸಂಶೋಧಕರು ಬೀದಿಯಲ್ಲಿ ವ್ಯಾಪಾರ ಮಾಡುತ್ತಿದ್ದ 9ರಿಂದ 15 ವರ್ಷದ ಐವರು ಮಕ್ಕಳನ್ನು ಪರೀಕ್ಷಿಸಿದ ವಿವರವನ್ನು ಪ್ರಕಟಿಸಿದರು. ಗಿರಾಕಿಗಳಂತೆ ಹೋಗಿ ಕೇಳಿದ 63 ಲೆಕ್ಕಗಳಲ್ಲಿ ಮಕ್ಕಳು ಶೇಕಡ 98ರಷ್ಟನ್ನು ಸರಿಯಾಗಿ ಹೇಳಿದರು. ಅವೇ ಅಂಕಿಗಳನ್ನು ಬರಿಯ ಗುಣಾಕಾರ ಭಾಗಾಕಾರಗಳಾಗಿ ಬರೆದುಕೊಟ್ಟಾಗ ಶೇಕಡ 37ರಷ್ಟು ಮಾತ್ರ ಸರಿಯಾದುವು. ಒಂದಕ್ಕೆ 35ರಂತೆ ನಾಲ್ಕು ತೆಂಗಿನಕಾಯಿಗೆ 140 ಎಂದು ಬಾಯಲ್ಲಿ ಹೇಳಿದ ಮಗುವೇ, ಕಾಗದದ ಮೇಲೆ 35ನ್ನು 4ರಿಂದ ಗುಣಿಸಿ 200 ಎಂದು ಬರೆಯಿತು! ನಾಲ್ಕೈದಲೆ ಇಪ್ಪತ್ತು, ದಶಕ ಎರಡು. ಆ ಎರಡನ್ನು ಮೊದಲೇ ಮೂರಕ್ಕೆ ಕೂಡಿ, ಬಂದ ಐದನ್ನು ನಾಲ್ಕರಿಂದ ಗುಣಿಸಿದುದೇ ದೋಷ.

ಇದು ದೂರದ ದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮೊದಲಾದವರು ಕೋಲ್ಕತ್ತ ಮತ್ತು ದೆಹಲಿಯ ಸಂತೆ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ವ್ಯಾಪಾರದ ಲೆಕ್ಕವನ್ನು ಕ್ಷಣದಲ್ಲಿ ಹೇಳುವ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ಸೋತರು. ವ್ಯಾಪಾರವನ್ನರಿಯದ ಶಾಲೆಯ ಮಕ್ಕಳು ಪುಸ್ತಕದ ಲೆಕ್ಕವನ್ನು ಮಾಡಿ ವ್ಯಾಪಾರದ ಲೆಕ್ಕದಲ್ಲಿ ತಡವರಿಸಿದರು. ಅಂದರೆ ಬೀದಿಯ ಲೆಕ್ಕವು ತಾನಾಗಿ ಹಲಗೆಗೆ ಬರುವುದಿಲ್ಲ. ಹಲಗೆಯ ಲೆಕ್ಕವು ತಾನಾಗಿ ಬೀದಿಗೆ ಇಳಿಯುವುದೂ ಇಲ್ಲ. ನಡುವೆ ಸೇತುವೆಯನ್ನು ನಾವೇ ಕಟ್ಟಬೇಕು.

ಆ ಸೇತುವೆಗೆ ಮೂರು ಕಂಬಗಳು: ಮೊದಲು ಅಂದಾಜು, ಆಮೇಲೆ ಅಳತೆ, ಕೊನೆಗೆ ಬರಹ. ಮಗುವು ಉತ್ತರವನ್ನು ಮೊದಲೇ ಊಹಿಸಿ ಹೇಳಬೇಕು; ಬೈಸಿಕಲ್ಲಿನಿಂದ ಅಳೆದು ನೋಡಬೇಕು; ಅದನ್ನು ಶಾಲೆಯ ಕ್ರಮದಲ್ಲಿಯೇ ಅಂಕಿಗಳಲ್ಲಿ ಬರೆಯಬೇಕು. ಮೂರರಲ್ಲಿ ಒಂದನ್ನು ಬಿಟ್ಟರೂ ಪಾಠವು ಬರಿಯ ಸವಾರಿಯಾಗಿ ಉಳಿಯುತ್ತದೆ.

ಮೊದಲನೆಯ ಪಾಠ: ಗಾಲಿ

ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಹಳೆಯ ಬಗೆಯ ದೊಡ್ಡ ಬೈಸಿಕಲ್ಲಿನ ಗಾಲಿಯನ್ನು 28 ಅಂಗುಲದ್ದೆಂದು ಕರೆಯುತ್ತಾರೆ. ಅದರ ವ್ಯಾಸವನ್ನು ನೇರವಾಗಿ ಅಳೆಯಲು ನಡುವಿನ ಅಚ್ಚು ಅಡ್ಡಬರುತ್ತದೆ. ಆದುದರಿಂದ ನೆಲದಿಂದ ಅಚ್ಚಿನ ನಡುಮಧ್ಯದವರೆಗಿನ ಎತ್ತರವನ್ನು ಅಳೆಯಲಿ. ಅದು ತ್ರಿಜ್ಯ, ಸುಮಾರು 35.5 ಸೆಂ.ಮೀ. ಇಮ್ಮಡಿಸಿದರೆ ವ್ಯಾಸ 71 ಸೆಂ.ಮೀ.

ಈಗ ಕೇಳಿ: ಗಾಲಿ ಒಂದು ಸುತ್ತು ತಿರುಗಿದರೆ ಬೈಸಿಕಲ್ಲು ಎಷ್ಟು ದೂರ ಮುಂದೆ ಹೋಗುತ್ತದೆ? ಅನೇಕ ಮಕ್ಕಳು ವ್ಯಾಸದ ಎರಡರಷ್ಟು ಎನ್ನುತ್ತಾರೆ. ಅದನ್ನು ಅಲ್ಲಗಳೆಯದೆ ಬರೆದಿಡಿ. ಟೈರಿನ ಮೇಲೊಂದು ಸುಣ್ಣದ ಗುರುತು, ಅದರ ಕೆಳಗೆ ನೆಲದ ಮೇಲೊಂದು ಗೆರೆ ಹಾಕಿ, ಬೈಸಿಕಲ್ಲನ್ನು ನೇರವಾಗಿ ತಳ್ಳಿಸಿ. ಒಂದು ಸುತ್ತಿಗೆ ಬದಲಾಗಿ ಹತ್ತು ಸುತ್ತು ತಳ್ಳಿ, ಬಂದ ದೂರವನ್ನು ಹತ್ತರಿಂದ ಭಾಗಿಸುವುದು ಲೇಸು. ಗೆರೆ ಹಾಕುವಲ್ಲಿ ಆಗುವ ತಪ್ಪು ಹತ್ತು ಪಾಲಾಗಿ ಹಂಚಿಹೋಗುತ್ತದೆ. ಹತ್ತು ಸುತ್ತಿಗೆ ಸುಮಾರು 22 ಮೀಟರು 30 ಸೆಂ.ಮೀ. ಬರುವುದು. ಒಂದು ಸುತ್ತಿಗೆ 223 ಸೆಂ.ಮೀ. ಆಯಿತು.

223ನ್ನು 71ರಿಂದ ಭಾಗಿಸಿದರೆ 3.14. ಮಗುವು ಬಾಯಿಪಾಠ ಮಾಡಿದ್ದ ‘ಪೈ’ ಎಂಬ ಸಂಖ್ಯೆ ಮಣ್ಣಿನ ರಸ್ತೆಯಲ್ಲಿ ದೊರೆಯಿತು! ಇಲ್ಲಿ ಒಂದು ಸ್ವಾರಸ್ಯವಿದೆ. ಕ್ರಿ.ಪೂ. 3ನೆಯ ಶತಮಾನದಲ್ಲಿ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನು 96 ಭುಜಗಳ ಆಕೃತಿಯಿಂದ ಲೆಕ್ಕಹಾಕಿ, ಪೈ ಎಂಬುದು 22/7ಕ್ಕಿಂತ ಕಡಿಮೆ, 223/71ಕ್ಕಿಂತ ಹೆಚ್ಚು ಎಂದು ಸಾಧಿಸಿದ್ದನು. ನಮ್ಮ ಗಾಲಿಯ ಅಳತೆಯೂ ಅವೇ ಅಂಕಿಗಳಲ್ಲಿ ಬಿದ್ದದ್ದು ಕೇವಲ ಆಕಸ್ಮಿಕ. ಆದರೆ ನೆನಪಿನಲ್ಲಿಡಲು ಅನುಕೂಲವಾದ ಆಕಸ್ಮಿಕ. ಅಂಗುಲದ ಲೆಕ್ಕವೂ ಸೊಗಸಾಗಿಯೇ ಇದೆ: 28ನ್ನು 22/7ರಿಂದ ಗುಣಿಸಿದರೆ 88 ಅಂಗುಲ, ಒಂದು ಮೈಲಿಗೆ ಸರಿಯಾಗಿ 720 ಸುತ್ತು.

ಪೈ ಬೆಲೆಯನ್ನು ಇಷ್ಟು ಸೂಕ್ಷ್ಮವಾಗಿ ಹಿಡಿಯುವುದೇಕೆ, 3 ಎಂದರೆ ಸಾಲದೆ? ಎಂದು ಮಗು ಕೇಳೀತು. ಒಳ್ಳೆಯ ಪ್ರಶ್ನೆ. 9ನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಒರಟು ಲೆಕ್ಕಕ್ಕೆ 3ನ್ನೂ, ಸೂಕ್ಷ್ಮ ಲೆಕ್ಕಕ್ಕೆ 10ರ ವರ್ಗಮೂಲವನ್ನೂ ಹೇಳಿದ್ದಾನೆ. ಅವನಿಗಿಂತ ಹಿಂದೆ, ಕ್ರಿ.ಶ. 499ರಲ್ಲಿ, ಆರ್ಯಭಟನು 20,000 ವ್ಯಾಸದ ವೃತ್ತಕ್ಕೆ 62,832 ಪರಿಧಿಯೆಂದು ಹೇಳಿದ್ದನು, ಅಂದರೆ 3.1416. ಒಂದು ಕಿಲೋಮೀಟರಿನಲ್ಲಿ ನಮ್ಮ ಗಾಲಿ 448 ಸುತ್ತು ತಿರುಗುತ್ತದೆ. ಪೈ 3 ಎಂದು ಹಿಡಿದರೆ ಒಂದು ಸುತ್ತಿಗೆ 213 ಸೆಂ.ಮೀ. ಆಗಿ, ಕಿಲೋಮೀಟರಿಗೆ 45 ಮೀಟರು ಕಡಿಮೆ ಬೀಳುತ್ತದೆ. 10ರ ವರ್ಗಮೂಲವನ್ನು ಹಿಡಿದರೆ ಸುಮಾರು 6½ ಮೀಟರು ಹೆಚ್ಚು ಬರುತ್ತದೆ. ಆರ್ಯಭಟನ ಬೆಲೆಯನ್ನು ಹಿಡಿದರೆ ತಪ್ಪು ನಮ್ಮ ಅಳತೆಪಟ್ಟಿಯದೇ ಹೊರತು ಪೈಯದಲ್ಲ. ಒಂದು ಸುತ್ತಿನಲ್ಲಿ ಕಾಣದ ತಪ್ಪು ನಾನೂರು ಸುತ್ತಿನಲ್ಲಿ ಬೆಳೆದು ನಿಲ್ಲುತ್ತದೆ. ಸೂಕ್ಷ್ಮತೆ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಎರಡನೆಯ ಪಾಠ: ದಾರಿಯ ಕಲ್ಲು

3.4 ದೊಡ್ಡದೋ 3.25 ದೊಡ್ಡದೋ? ಎಂದು ಕೇಳಿದರೆ ಹಲವು ಮಕ್ಕಳು 3.25 ಎನ್ನುತ್ತಾರೆ; 4ಕ್ಕಿಂತ 25 ದೊಡ್ಡದಲ್ಲವೆ! ಈ ಭ್ರಮೆಯನ್ನು ಕಳೆಯಲು ರಸ್ತೆಯ ಬದಿಯ ಕಲ್ಲುಗಳೇ ಸಾಕು. ಕ್ರಮವಾಗಿ ಕಲ್ಲು ನೆಟ್ಟಿರುವ ರಸ್ತೆಗಳಲ್ಲಿ, ಎರಡು ಕಿಲೋಮೀಟರು ಕಲ್ಲುಗಳ ನಡುವೆ 2, 4, 6, 8 ಎಂದು ಬರೆದ ಚಿಕ್ಕ ಕಲ್ಲುಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ 200 ಮೀಟರು. 3ನೆಯ ಕಿಲೋಮೀಟರು ಕಲ್ಲನ್ನು ದಾಟಿ 4 ಎಂಬ ಚಿಕ್ಕ ಕಲ್ಲಿನ ಬಳಿ ನಿಂತರೆ ಅದೇ 3.4 ಕಿ.ಮೀ. ಹಾಗಾದರೆ 3.25 ಎಲ್ಲಿ? 2 ಎಂಬ ಕಲ್ಲಿಗೂ 4 ಎಂಬ ಕಲ್ಲಿಗೂ ನಡುವೆ, 2ಕ್ಕೆ ಹತ್ತಿರವಾಗಿ. ಮಗುವು ಅಲ್ಲಿಗೆ ಹೋಗಿ ನಿಲ್ಲಲಿ. ದಶಮಾಂಶ ಬಿಂದುವಿನ ಬಲಗಡೆಯ ಮೊದಲ ಸ್ಥಾನವು ಹತ್ತನೆಯ ಪಾಲು, ಎರಡನೆಯದು ನೂರನೆಯ ಪಾಲು ಎಂಬುದನ್ನು ಕಾಲುಗಳೇ ತಿಳಿಸಿಕೊಡುವುವು.

ಈ ಸೌಲಭ್ಯವು ದಶಮಾನ ಪದ್ಧತಿಯಿಂದ ಬಂದುದು. ನಮ್ಮ ದೇಶದಲ್ಲಿ ಇದಕ್ಕೆ 1956ರ ತೂಕ ಅಳತೆಗಳ ಶಾಸನವು ಅಡಿಪಾಯ ಹಾಕಿತು. ಅದಕ್ಕೆ ಮೊದಲು ಒಂದು ಮೈಲಿಗೆ ಎಂಟು ಫರ್ಲಾಂಗು. 3 ಮೈಲಿ 4 ಫರ್ಲಾಂಗು ಎಂದರೆ ಮೂರೂವರೆ ಮೈಲಿಯೇ ಹೊರತು 3.4 ಅಲ್ಲ. ಅಜ್ಜಂದಿರು ಇನ್ನೂ ‘ಹರದಾರಿ’ ಎನ್ನುವುದುಂಟು. ಅದು ಸುಮಾರು ಮೂರು ಮೈಲಿ. ಅವರು ಹೇಳಿದ ದೂರವನ್ನು ಕಿಲೋಮೀಟರಿಗೆ ತಂದುಕೊಳ್ಳುವುದೂ ಒಂದು ಒಳ್ಳೆಯ ಅಭ್ಯಾಸ.

ಕಲ್ಲಿನಿಂದ ಕಲ್ಲಿಗೆ ಬೈಸಿಕಲ್ಲನ್ನು ತಳ್ಳುತ್ತ ಗಾಲಿಯ ಸುತ್ತುಗಳನ್ನು ಎಣಿಸಲಿ. 200ನ್ನು 2.23ರಿಂದ ಭಾಗಿಸಿದರೆ 89.7, ಎಣಿಕೆ 90ರ ಆಸುಪಾಸಿನಲ್ಲಿ ಬರಬೇಕು. ಹಿಂದಿನ ಕಾಲದಲ್ಲಿ ಸರ್ವೆಯವರು ರಸ್ತೆಗಳನ್ನು ಅಳೆದುದೂ ಹೀಗೆಯೇ: ಹಿಡಿಯಿದ್ದ ಒಂದು ದೊಡ್ಡ ಗಾಲಿಯನ್ನು ಉರುಳಿಸುತ್ತ, ಸುತ್ತುಗಳನ್ನು ಎಣಿಸುತ್ತ.

ಮೂರನೆಯ ಪಾಠ: ಹಲ್ಲುಗಳು

ಪೆಡಲು ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಎಷ್ಟು ಸುತ್ತು ತಿರುಗುತ್ತದೆ? ಮುಂದಿನ ಹಲ್ಲುಚಕ್ರದಲ್ಲಿ 44, ಹಿಂದಿನ ಚಿಕ್ಕ ಚಕ್ರದಲ್ಲಿ 18 ಹಲ್ಲುಗಳಿರುವ ಬೈಸಿಕಲ್ಲನ್ನು ತೆಗೆದುಕೊಳ್ಳೋಣ. ಮುಂದಿನ ಚಕ್ರ ಒಂದು ಸುತ್ತು ಬಂದಾಗ ಚೈನಿನ 44 ಕೊಂಡಿಗಳು ಸರಿಯುತ್ತವೆ. ಹಿಂದಿನದೂ 44 ಹಲ್ಲುಗಳಷ್ಟು ತಿರುಗಲೇಬೇಕು. ಅಂದರೆ 44/18 ಸುತ್ತು. ಎರಡನ್ನೂ 2ರಿಂದ ಭಾಗಿಸಿದರೆ 22/9.

ಭಿನ್ನರಾಶಿಯನ್ನು ಸಂಕ್ಷೇಪಿಸುವುದೇಕೆಂದು ಕೇಳುವ ಮಗುವಿಗೆ ಇಲ್ಲಿ ಕಣ್ಣಿಗೆ ಕಾಣುವ ಉತ್ತರವಿದೆ. ಬೈಸಿಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಟೈರಿನ ಮೇಲೆ ಸುಣ್ಣದ ಗುರುತು ಹಾಕಿ, ಕೈಯಿಂದ ಪೆಡಲನ್ನು ಮೆಲ್ಲಗೆ ತಿರುಗಿಸಲಿ. ಪೆಡಲು 9 ಸುತ್ತು ಮುಗಿಸುವಾಗ ಗಾಲಿ 22 ಸುತ್ತು ಮುಗಿಸಿ, ಎರಡೂ ಹೊರಟ ಸ್ಥಾನಕ್ಕೇ ಒಟ್ಟಿಗೆ ಬಂದು ನಿಲ್ಲುತ್ತವೆ. ಅದಕ್ಕೆ ಮುಂಚೆ ಒಮ್ಮೆಯೂ ಹಾಗೆ ಕೂಡುವುದಿಲ್ಲ. ಬೆರಳುಗಳಿಗೆ ಚೈನು ಮತ್ತು ಗಾಲಿಯ ಕಡ್ಡಿ ತಗುಲದಂತೆ ಹಿರಿಯರು ಜೊತೆಯಲ್ಲಿರಬೇಕು.

ಇದರಿಂದ ಪೆಡಲಿನ ಒಂದು ಸುತ್ತಿಗೆ 2.23 × 22/9, ಸುಮಾರು 5.45 ಮೀಟರು ದೂರವೆಂದಾಯಿತು. 200 ಮೀಟರಿಗೆ ಸುಮಾರು 37 ಸುತ್ತು ತುಳಿಯಬೇಕು. ಈಗ ರಸ್ತೆಯಲ್ಲಿ ತುಳಿದು ಎಣಿಸಲಿ. ಇಳಿಜಾರಿನಲ್ಲಿ 37ರ ಬದಲು 25 ಬಂದರೆ ಲೆಕ್ಕ ತಪ್ಪಾಯಿತೆ? ಇಲ್ಲ. ಇಳಿಜಾರಿನಲ್ಲಿ ಕಾಲು ನಿಂತರೂ ಗಾಲಿ ಓಡುತ್ತಿರುತ್ತದೆ. ಉಳಿದ 12 ಸುತ್ತಿನ ದೂರವನ್ನು, ಅಂದರೆ ಸುಮಾರು 65 ಮೀಟರನ್ನು, ಇಳಿಜಾರೇ ನಮಗೆ ಕೊಟ್ಟಿತು. ಅಂದಾಜಿಗೂ ಅಳತೆಗೂ ವ್ಯತ್ಯಾಸ ಬಂದಾಗ ಅಳಿಸಿಹಾಕದೆ ಕಾರಣವನ್ನು ಹುಡುಕುವುದೇ ವಿಜ್ಞಾನದ ಮಾರ್ಗ.

ನಾಲ್ಕನೆಯ ಪಾಠ: ಸರಾಸರಿ ವೇಗ

ಚೇಳೂರಿನ ಹಲಸನ್ನೇ ತೆಗೆದುಕೊಳ್ಳೋಣ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಗುರುತಿಸಿ ಪ್ರಚಾರಕ್ಕೆ ತಂದ, ತಾಮ್ರಗೆಂಪು ತೊಳೆಯ ‘ಸಿದ್ದು’ ಹಲಸು ಈ ಸೀಮೆಯದೇ. ಅದರ ಹಣ್ಣು ದೊಡ್ಡದಲ್ಲ. ಸರಾಸರಿ ಎರಡೂವರೆ ಕಿಲೋಗ್ರಾಮಿನ ಆಸುಪಾಸು. ರೈತನೊಬ್ಬನು ಅಂಥ 12 ಹಣ್ಣುಗಳನ್ನು, ಅಂದರೆ ಸುಮಾರು 30 ಕಿಲೋ ಭಾರವನ್ನು, ಬೈಸಿಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು 6 ಕಿ.ಮೀ. ದೂರದ ಚೇಳೂರಿಗೆ ಗಂಟೆಗೆ 8 ಕಿ.ಮೀ.ನಂತೆ ಹೋಗುತ್ತಾನೆ, ಮಾರಿದ ಮೇಲೆ ಬರಿಯ ಬೈಸಿಕಲ್ಲಿನಲ್ಲಿ ಗಂಟೆಗೆ 12 ಕಿ.ಮೀ.ನಂತೆ ಹಿಂದಿರುಗುತ್ತಾನೆಂದು ಊಹಿಸೋಣ. ಇಡೀ ಪ್ರಯಾಣದಲ್ಲಿ ಅವನ ಸರಾಸರಿ ವೇಗವೆಷ್ಟು?

ಕಾಲೇಜಿನ ವಿದ್ಯಾರ್ಥಿಗಳಲ್ಲಿಯೂ ಹಲವರು 10 ಎನ್ನುತ್ತಾರೆ. ಲೆಕ್ಕಹಾಕಿ ನೋಡೋಣ. ಹೋಗಲು 45 ನಿಮಿಷ, ಬರಲು 30 ನಿಮಿಷ. ಒಟ್ಟು 75 ನಿಮಿಷದಲ್ಲಿ 12 ಕಿ.ಮೀ. ಅಂದರೆ ಗಂಟೆಗೆ 9.6 ಕಿ.ಮೀ. ಹತ್ತಕ್ಕೆ ಕಡಿಮೆಯಾದುದೇಕೆ? ನಿಧಾನದ ಪ್ರಯಾಣವು ಹೆಚ್ಚು ಕಾಲವನ್ನು ತಿಂದಿತು; ಆದುದರಿಂದ ಸರಾಸರಿಯನ್ನು ತನ್ನ ಕಡೆಗೆ ಎಳೆದುಕೊಂಡಿತು. ಒಂದು ಗಂಟೆ 8ರಂತೆಯೂ ಇನ್ನೊಂದು ಗಂಟೆ 12ರಂತೆಯೂ ತುಳಿದಿದ್ದರೆ ಮಾತ್ರ ಉತ್ತರವು 10 ಆಗುತ್ತಿತ್ತು. ಬೆಳಗ್ಗೆ ಏರು, ಸಂಜೆ ಇಳಿಜಾರು ಇರುವ ದಾರಿಯಲ್ಲಿ ಶಾಲೆಗೆ ಹೋಗುವ ಯಾವ ಮಗುವಾದರೂ ಗಡಿಯಾರ ಹಿಡಿದು ಇದನ್ನು ಪರೀಕ್ಷಿಸಬಹುದು.

ಐದನೆಯ ಪಾಠ: ರಸ್ತೆ ದಾಟುವುದು

ಇದು ಎಲ್ಲಕ್ಕಿಂತ ಮುಖ್ಯವಾದ ಪಾಠ. ತುಮಕೂರಿನಿಂದ ಗುಬ್ಬಿಯನ್ನು ಹಾದು ಶಿವಮೊಗ್ಗದ ಕಡೆಗೆ ರಾಷ್ಟ್ರೀಯ ಹೆದ್ದಾರಿ ಹೋಗುತ್ತದೆ. ಇಂಥ ರಸ್ತೆಯನ್ನು ಮಗುವೊಂದು ಬೈಸಿಕಲ್ಲಿನಿಂದಿಳಿದು, ಅದನ್ನು ತಳ್ಳಿಕೊಂಡು ದಾಟಬೇಕು. ದೂರದಲ್ಲಿ ಬಸ್ಸು ಕಾಣುತ್ತಿದೆ. ದಾಟಬಹುದೆ?

ಬಸ್ಸಿನ ವೇಗ ಗಂಟೆಗೆ 60 ಕಿ.ಮೀ. ಇರಲಿ. ಇದನ್ನು 5/18ರಿಂದ ಗುಣಿಸಿದರೆ ಸೆಕೆಂಡಿಗೆ 16⅔ ಮೀಟರು. ಎರಡು ಸಾಲಿನ ರಸ್ತೆಯ ಅಗಲ 7 ಮೀಟರು; ಬೈಸಿಕಲ್ಲು ತಳ್ಳುವ ಮಗು ಸೆಕೆಂಡಿಗೆ ಒಂದು ಮೀಟರಿನಂತೆ ನಡೆದರೆ 7 ಸೆಕೆಂಡು ಬೇಕು. ಅಷ್ಟರಲ್ಲಿ ಬಸ್ಸು ಸುಮಾರು 117 ಮೀಟರು ಬಂದಿರುತ್ತದೆ. ಬಸ್ಸು 117 ಮೀಟರಿಗಿಂತ ಹತ್ತಿರವಿದ್ದರೆ ದಾಟುವುದು ಅಪಾಯ. ಕಾಲು ಎಡವಬಹುದು, ಬಸ್ಸಿನ ವೇಗ ಹೆಚ್ಚಿರಬಹುದು. ಆದಕಾರಣ ಅದರ ಎರಡರಷ್ಟು ದೂರ ತೆರವಾಗಿದ್ದರೆ ಮಾತ್ರ ಹೆಜ್ಜೆಯಿಡಬೇಕು. ನಾಲ್ಕು ಸಾಲಿನ ರಸ್ತೆಗೆ ಇನ್ನೂ ಹೆಚ್ಚು ಬೇಕು.

117 ಮೀಟರು ಎಂದರೆ ಕಣ್ಣಿಗೆ ಎಷ್ಟು ಕಾಣುತ್ತದೆ? ಇದನ್ನು ಪುಸ್ತಕವು ಹೇಳಲಾರದು. ವಾಹನಗಳಿಲ್ಲದ ಹಳ್ಳಿಯ ರಸ್ತೆಯಲ್ಲಿ ಒಂದು ಮರದಿಂದ ಹೊರಟು ಗಾಲಿಯನ್ನು 53 ಸುತ್ತು ಉರುಳಿಸಿ ನಿಂತು ಹಿಂದಿರುಗಿ ನೋಡಿದರೆ ಅದು ಸುಮಾರು 118 ಮೀಟರು. ಕಣ್ಣಿಗೆ ಅದರ ಅಳವು ಸಿಗುತ್ತದೆ. ಮತ್ತೊಂದು ಮಾತು: ಗಂಟೆಗೆ 15 ಕಿ.ಮೀ.ನಂತೆ ಹೋಗುವ ಬೈಸಿಕಲ್ಲು ಒಂದು ಸೆಕೆಂಡಿನಲ್ಲಿ 4 ಮೀಟರಿಗೆ ಮೀರಿ ಸಾಗುತ್ತದೆ. ಕಣ್ಣು ಕಂಡು ಕೈ ಬ್ರೇಕನ್ನು ಹಿಡಿಯುವುದಕ್ಕೆ ಒಂದು ಸೆಕೆಂಡು ಹಿಡಿದರೆ, ಬ್ರೇಕು ತಗುಲುವ ಮೊದಲೇ ಗಾಲಿ ಸುಮಾರು ಎರಡು ಸುತ್ತು ತಿರುಗಿರುತ್ತದೆ. ಮುಂದಿನ ಗಾಡಿಯ ಹಿಂದೆಯೇ ಅಂಟಿಕೊಂಡು ಹೋಗಬಾರದೆಂಬ ಹಿರಿಯರ ಮಾತಿಗೆ ಇದೇ ಆಧಾರ.

ಬರೆದಿಡುವುದು

ಪ್ರತಿ ಪಾಠಕ್ಕೂ ಮಗುವಿನ ಪುಸ್ತಕದಲ್ಲಿ ನಾಲ್ಕು ಕಲಮುಗಳಿರಲಿ: ಅಂದಾಜು, ಅಳತೆ, ವ್ಯತ್ಯಾಸ, ಕಾರಣ. ಮೊದಲ ವಾರ ವ್ಯತ್ಯಾಸವು ದೊಡ್ಡದಾಗಿರುತ್ತದೆ. ಬರಬರುತ್ತ ಕಿರಿದಾಗುವುದನ್ನು ಮಗು ತಾನೇ ಕಾಣುತ್ತದೆ. ಬಳಿಕ ಅದೇ ಲೆಕ್ಕವನ್ನು ಬೈಸಿಕಲ್ಲಿನ ಹೆಸರೆತ್ತದೆ ಬರಿಯ ಅಂಕಿಗಳಲ್ಲಿ ಕೊಡಿ. ಮತ್ತೊಮ್ಮೆ ಬರಿಯ ಅಂಕಿಗಳನ್ನು ಕೊಟ್ಟು, ಅದಕ್ಕೆ ತಕ್ಕ ರಸ್ತೆಯ ಕಥೆಯನ್ನು ಮಗುವಿನಿಂದಲೇ ಕಟ್ಟಿಸಿ. ರೆಸೀಫೆಯ ಮಗುವಿಗೂ ಕೋಲ್ಕತ್ತದ ಮಕ್ಕಳಿಗೂ ದೊರೆಯದೆ ಹೋದುದು ಈ ಹೋಗಿಬರುವ ಅಭ್ಯಾಸವೇ.

12ನೆಯ ಶತಮಾನದ ಕನ್ನಡಿಗ ರಾಜಾದಿತ್ಯನು ಗಣಿತವನ್ನು ಜನರ ಭಾಷೆಯಲ್ಲಿ ಬರೆದು, ತನ್ನ ಒಂದು ಗ್ರಂಥಕ್ಕೆ ‘ವ್ಯವಹಾರಗಣಿತ’ವೆಂದೇ ಹೆಸರಿಟ್ಟನು. ಲೆಕ್ಕವು ನಿತ್ಯದ ವ್ಯವಹಾರಕ್ಕೆ ಸೇರಿದುದೆಂಬ ತಿಳಿವಳಿಕೆ ನಮ್ಮ ನಾಡಿಗೆ ಹೊಸದಲ್ಲ.

ಅಭ್ಯಾಸ

1. ಮುಂದೆ 48, ಹಿಂದೆ 18 ಹಲ್ಲುಗಳಿದ್ದರೆ, ಪೆಡಲು ಮತ್ತು ಗಾಲಿ ಎಷ್ಟೆಷ್ಟು ಸುತ್ತಿಗೊಮ್ಮೆ ಹೊರಟ ಸ್ಥಾನದಲ್ಲಿ ಕೂಡುತ್ತವೆ?

2. ಮುಂದಿನ ಗಾಲಿಯಲ್ಲಿ 32, ಹಿಂದಿನ ಗಾಲಿಯಲ್ಲಿ 40 ಕಡ್ಡಿಗಳು ರಿಮ್ಮಿನ ಸುತ್ತ ಸಮದೂರದಲ್ಲಿವೆ. ಅಕ್ಕಪಕ್ಕದ ಎರಡು ಕಡ್ಡಿಗಳ ತುದಿಗಳು ನಡುಮಧ್ಯದಲ್ಲಿ ಮಾಡುವ ಕೋನವೆಷ್ಟು?

3. ಹೋಗುವಾಗ ಗಂಟೆಗೆ 10, ಬರುವಾಗ 15 ಕಿ.ಮೀ. ವೇಗವಾದರೆ ಸರಾಸರಿ ವೇಗವೆಷ್ಟು?

4. ಶಾಲೆ 4 ಕಿ.ಮೀ. ದೂರ. ವರ್ಷಕ್ಕೆ 200 ದಿನದಂತೆ ಮೂರು ವರ್ಷ ಹೋಗಿಬಂದರೆ ಒಟ್ಟು ದೂರವೆಷ್ಟು? 2.23 ಮೀಟರು ಸುತ್ತಳತೆಯ ಗಾಲಿ ಎಷ್ಟು ಸುತ್ತು ತಿರುಗಿತು?

5. ನಿಮ್ಮ ಮನೆಯ ಬಾಗಿಲಿನಿಂದ ಶಾಲೆಯ ಬಾಗಿಲಿಗೆ ನಿಮ್ಮ ಗಾಲಿ ಎಷ್ಟು ಸುತ್ತು ತಿರುಗುತ್ತದೆ?

ಉತ್ತರಗಳು: 1. ಪೆಡಲು 3, ಗಾಲಿ 8 ಸುತ್ತು. 2. 11¼ ಮತ್ತು 9 ಡಿಗ್ರಿ. 3. ಗಂಟೆಗೆ 12 ಕಿ.ಮೀ. 4. 4,800 ಕಿ.ಮೀ.; ಸುಮಾರು 21½ ಲಕ್ಷ ಸುತ್ತು. ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ ಹೋಗಿಬರುವುದಕ್ಕಿಂತ ಹೆಚ್ಚಿನ ದೂರವನ್ನು ಆ ಮಗು ಕ್ರಮಿಸಿದಂತಾಯಿತು! 5. ಮೊದಲು ಅಂದಾಜನ್ನು ಬರೆದಿಟ್ಟುಕೊಳ್ಳಿ. ಉತ್ತರವನ್ನು ನಾಳೆ ಬೆಳಗ್ಗೆ ನಿಮ್ಮ ದಾರಿಯೇ ಹೇಳುವುದು.